ನಲವತ್ತಮೂರು

ಯಂತ್ರದ ಮೇಲೆ ನನ್ನ ಹೆಸರು ಹನ್ನೊಂದನೆಯದು:
ಪುಟ್ಟಲಿಂಗಮ್ಮ, ಪಕ್ಷೇತರ, ಸೂಟ್‌ಕೇಸು.
ನಾನು ಕೇಳಿದ್ದು ಇಸ್ತ್ರಿಪೆಟ್ಟಿಗೆ.
ಚೀಟಿ ಎತ್ತಿದರು, ಟೈರ್ ಅಂಗಡಿಯವನ ಹೆಂಡತಿಗೆ ಹೋಯಿತು.
ಅವಳ ಸೀರೆ ಬರುವುದೂ ನನ್ನ ಗಾಡಿಗೇ.
"ಎಲ್ಲಿಗಮ್ಮ ಪ್ರಯಾಣ?" ಅಂದರು ಟೀ ಅಂಗಡಿಯಲ್ಲಿ,
"ಒಳಗೇನಾದರೂ ಇದೆಯೋ, ಬರೀ ಪೆಟ್ಟಿಗೆಯೋ?"

ವಾರ್ಡು ಮಹಿಳೆಗೆ ಮೀಸಲು.
ಗೋಡೆ ತುಂಬ ಗಂಡಸರ ಮುಖ,
ಮೂಲೆಯಲ್ಲಿ ಕೈಮುಗಿದ ಹೆಂಡಂದಿರು, ಅಂಚೆಚೀಟಿಯಷ್ಟು.
ಆ ಬಿಳಿ ಅಂಗಿಗಳಿಗೆಲ್ಲ ಗಂಜಿ ಹಾಕಿ ತೀಡಿದವಳು ನಾನು.
ಮೂರು ಪಕ್ಷ, ಒಂದೇ ಕೆಂಡ.
ಯಾರ ಕಾಲರು ಎಷ್ಟು ಬೇಗ ಕೊಳೆಯಾಗುತ್ತದೆ
ಅನ್ನುವ ಲೆಕ್ಕ ನನ್ನ ಹತ್ತಿರ ಇತ್ತು.
ಭಾಷಣದಲ್ಲಿ ಹೇಳಲಿಲ್ಲ. ಭಾಷಣವನ್ನೇ ಮಾಡಲಿಲ್ಲ.

ಕರಪತ್ರದಲ್ಲಿ ಒಂದೇ ಮಾತು:
ಕಾಮಾಕ್ಷಿಪಾಳ್ಯದ ತಿರುವಿನಲ್ಲಿ ಹೆಂಗಸರಿಗೊಂದು ಶೌಚಾಲಯ.
ಇಪ್ಪತ್ತೆರಡು ವರ್ಷದಿಂದ ಹೊಂಗೆಮರದಡಿ
ದಿನಕ್ಕೆ ಹತ್ತು ಗಂಟೆ ಕೆಂಡದ ಮುಂದೆ ನಿಂತವಳು
ಕುಡಿಯುವ ನೀರು ಎರಡೇ ಲೋಟ,
ಅಳೆದು.
ಹೂವಿನ ಜಯಶೀಲಮ್ಮನೂ ಅಷ್ಟೇ,
ಸೊಪ್ಪಿನ ಖಮರುನ್ನೀಸಾಳೂ ಅಷ್ಟೇ.
ಕರಪತ್ರ ಓದಿ ಗಂಡಸರು ಕೆಮ್ಮಿದರು, ಆಕಡೆ ನೋಡಿದರು.
"ರಸ್ತೆ, ಚರಂಡಿ ಅಂತ ಏನಾದರೂ ಬರೆಯಬಾರದಿತ್ತಾ,
ಮಾನ ಹೋಯ್ತು," ಅಂದ ನನ್ನ ಗಂಡ.

ಠೇವಣಿ ಹೋಯಿತು.
ಕಾಲೇಜಿನ ಹಾಲಿನಲ್ಲಿ ಮೈಕು ನನ್ನ ಹೆಸರು ಪೂರ್ತಿ ಹೇಳಿ
ನಲವತ್ತಮೂರು ಅಂದಿತು.
ಯಾರೋ ಹುಡುಗ ನಕ್ಕ. ನಾನೂ ನಕ್ಕೆ.
ಆಮೇಲೆ ಬೂತುವಾರು ಪಟ್ಟಿ ಕೇಳಿ ಇಸಿದುಕೊಂಡು
ಗಾಡಿಯ ಕಂಬಳಿಯಡಿ ಮಡಿಸಿಟ್ಟೆ.

ಸೊಪ್ಪಿನ ಮಾರ್ಕೆಟ್ಟಿನ ಬೂತು, ಇಪ್ಪತ್ತಾರು.
ಉರ್ದು ಶಾಲೆ, ಹನ್ನೆರಡು.
ಎದುರಿನ ಅಪಾರ್ಟ್‌ಮೆಂಟಿನದು, ಒಂದು.
ನಮ್ಮ ಮನೆಯ ಬೂತು, ನಾಲ್ಕು.

ಮನೆಯಲ್ಲಿ ನಾವು ಐವರು.

ಆ ರಾತ್ರಿ ಐದು ತಟ್ಟೆಗೆ ಮುದ್ದೆ ಇಟ್ಟೆ,
ಐದೂ ಒಂದೇ ಗಾತ್ರ.
ಅತ್ತೆ, ಗಂಡ, ಮಗ, ಸೊಸೆ,
ಎಲ್ಲರ ಬೆರಳಿನಲ್ಲೂ ಅದೇ ನೇರಳೆ ಗೆರೆ.
ಸಾರಿಗೆ ಉಪ್ಪಿಲ್ಲ ಎಂದು ಯಾರೂ ಅನ್ನಲಿಲ್ಲ.
ನಾನು ಹಾಕಿರಲೇ ಇಲ್ಲ.

ಆದರೆ ಆ ಒಂದು?
ನಾಲ್ಕು ಮಹಡಿ, ಅರವತ್ತು ಮನೆ, ಎಲ್ಲರ ಬಟ್ಟೆಯೂ ಗೊತ್ತು.
ಮೂರನೇ ಮಹಡಿಯ ಟೀಚರಮ್ಮನ ಕಾಟನ್ ಸೀರೆಯೋ,
ಲೆಕ್ಕಕ್ಕೆ ಸರಿಯಾಗಿ ಚಿಲ್ಲರೆ ಕೊಡುವ ಮುದುಕರ ಪೈಜಾಮವೋ,
ಮಾತೇ ಆಡದ ಆ ಹುಡುಗಿಯ ಲಂಗದಾವಣಿಯೋ.
ಪ್ರತಿ ಜೇಬು ತಡವಿದೆ: ಬಸ್ ಟಿಕೆಟ್ಟು, ಏಲಕ್ಕಿ, ಒಂದು ಗುಂಡಿ.
ಯಾರೆಂದು ತಿಳಿಯದೆ
ಎಲ್ಲರ ಅಂಚಿಗೂ ಎರಡು ಸಲ ಇಸ್ತ್ರಿ ಎಳೆದೆ.
ಗೆದ್ದವಳ ಗಂಡನ ಅಂಗಿಯೂ ಬಂತು,
ಕಂಕುಳಲ್ಲಿ ಗುಲಾಲು ಇನ್ನೂ ಬಿಟ್ಟಿರಲಿಲ್ಲ.
ಅದಕ್ಕೆ ಒಂದೇ ಸಲ.

ಶುಕ್ರವಾರ ಮಟಮಟ ಮಧ್ಯಾಹ್ನ
ಅಪಾರ್ಟ್‌ಮೆಂಟಿನ ಗೇಟಿನವಳು ಶರಣಮ್ಮ
ರಸ್ತೆ ದಾಟಿ ಬಂದಳು, ಕೈಯಲ್ಲೊಂದು ಬೀಗದ ಕೈ.
"ಪಂಪಿನ ಮನಿ ಹಿಂದ ನಮ್ಮದೊಂದು ಬಾತ್‌ರೂಮ್ ಐತಕ್ಕಾ.
ಹೊತ್ತು ಗೊತ್ತು ನೋಡಬ್ಯಾಡ, ಬಂದು ಹೋಗು."
ಅವಳ ಮುಖವನ್ನೇ ನೋಡಿದೆ.
ಆ ಒಂದು ನೀನಾ?
ಕೇಳುವ ಮೊದಲೇ ನಕ್ಕಳು:
"ನಂದು ಓಟು ಲಿಂಗಸುಗೂರಾಗೈತಿ, ತಾಯಿ.
ಇಲ್ಲಿ ನಾ ಯಾರಿಗೂ ಹಾಕಿಲ್ಲ."

ಬೀಗದ ಕೈ ಸೆರಗಿಗೆ ಕಟ್ಟಿಕೊಂಡೆ.
ಕೆಂಡದ ಮೇಲಿನ ಬೂದಿ ಊದಿ,
ಕೊಡ ಬಗ್ಗಿಸಿ
ಮೂರನೇ ಲೋಟ ನೀರು ಕುಡಿದೆ,
ನಿಧಾನವಾಗಿ,
ಕುಡಿದು ಇನ್ನರ್ಧ ಬಗ್ಗಿಸಿಕೊಂಡೆ.