ಎಂಬತ್ತೇಳು ಡಿಗ್ರಿ

ಮೂರನೆಯ ಮಹಡಿಗೆ ನಿನ್ನನ್ನು ಹೊತ್ತು ತಂದವನು ಜ್ವಿಯಾದ್.
ನಮ್ಮ ಲಿಫ್ಟಿಗೆ ಚಿಲ್ಲರೆ ಹಾಕಬೇಕು,
ಇಬ್ಬರ ಜೇಬಿನಲ್ಲೂ ನಾಣ್ಯವಿರಲಿಲ್ಲ.
ಹಸುಗೂಸಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲೇರಿದ,
ತಿರುವು ತಿರುವಿಗೂ ಥರ್ಮೋಕೋಲು ಕಿರುಗುಟ್ಟಿತು.

ಕರಿ ಪೆಟ್ಟಿಗೆ. ಪಕ್ಕೆಗೆ ಗಾಜು. ಒಳಗೆ ನೀಲಿ ದೀಪ.
ಯಾರು ಕೇಳಿದ್ದರು ಆ ದೀಪವನ್ನು?
ಅರವತ್ತನಾಲ್ಕು ಜಿಬಿ ಮೆಮೊರಿ, ಅಂದಿದ್ದ ಅಂಗಡಿಯವ,
ಮೊಮ್ಮಗಳ ಅಂಕ ಹೇಳುವ ಅಜ್ಜಿಯ ದನಿಯಲ್ಲಿ.

ಹಳೆಯದು ಹೀಗಿರಲಿಲ್ಲ.
ಗೋಡೆಯೊಂದನ್ನು ಗೇಣಷ್ಟು ಸರಿಸು ಅಂದರೆ
ಏದುಸಿರು ಬಿಡುತ್ತಿತ್ತು.
ಅಷ್ಟರಲ್ಲಿ ನಾನು ಚಹಾಕ್ಕಿಟ್ಟು, ಬಾಲ್ಕನಿಗೆ ಹೋಗಿ,
ಎದುರುಮನೆ ಮುದುಕಿ ಒಣಹಾಕಿದ ಹಾಸಿನ ನೆರಳು
ಇಟ್ಟಿಗೆಯ ಮೇಲೆ ಎಷ್ಟುದ್ದ ಬಿದ್ದಿದೆಯೆಂದು ನೋಡಿ,
ಆ ಗೋಡೆ ಸರಿಯಬಾರದೆಂದು ತೀರ್ಮಾನಿಸಿ
ಮರಳುವ ಹೊತ್ತಿಗೆ, ಪಾಪ, ಸರಿಸಿ ಮುಗಿಸಿರುತ್ತಿತ್ತು.

ತಂತ್ರಾಂಶ ರಾತ್ರಿಯಿಡೀ ಇಳಿಯಿತು.
ಬೆಳಗ್ಗೆ ತೆರೆದೆ ಸೊಲೊಲಾಕಿಯ ಮನೆಯ ಕಡತ.
ಗೆರೆಗಳೆಲ್ಲ ಬಂದವು, ಅಕ್ಷರ ಬರಲಿಲ್ಲ.
ದ್ರಾಕ್ಷಿ ಕುಡಿಯಂಥ ನಮ್ಮ ದುಂಡು ಲಿಪಿಯ
ಆ ಹಳೆಯ ಫಾಂಟು ನಿನ್ನಲ್ಲಿಲ್ಲವಂತೆ.
ಅಡುಗೆಕೋಣೆ ಎಂದಿದ್ದಲ್ಲಿ ಖಾಲಿ ಚೌಕಗಳ ಸಾಲು,
ಪಡಸಾಲೆಯಲ್ಲಿ ಚೌಕ, ಕಕ್ಕಸಿನಲ್ಲಿ ಚೌಕ,
ಹನ್ನೊಂದು ಸಂಸಾರದ ಹೆಸರುಗಳೂ ಚೌಕ ಚೌಕ.
"ನೋಡು ಲಮಾರಾ," ಅಂದ ಜ್ವಿಯಾದ್,
"ಎಲ್ಲರಿಗೂ ಕಿಟಕಿ ಕೊಟ್ಟಿದೆ."

ಆಮೇಲೆ ಶುರುವಾಯಿತು ನಿನ್ನ ದೂರು.
ಈ ಗೋಡೆ ಆ ಗೋಡೆಗೆ ಕೂಡುತ್ತಿಲ್ಲ.
ಈ ಮೂಲೆ ಎಂಬತ್ತೇಳು ಡಿಗ್ರಿ.
ಈ ನೆಲ ಪೂರ್ವಕ್ಕೆ ಇಳಿದಿದೆ.
ಇಂಥವು ಒಟ್ಟು ನಾನೂರ ಹನ್ನೆರಡು. ಸರಿಪಡಿಸಲೇ?

ಜ್ವಿಯಾದನ ಬೆರಳು ನನ್ನ ಬಾಯಿಗಿಂತ ಚುರುಕು,
ಹೂಂ ಎಂದು ಒತ್ತಿಯೇಬಿಟ್ಟ.
ರೆಪ್ಪೆ ಬಡಿಯುವುದರೊಳಗೆ ಮನೆ ನೆಟ್ಟಗಾಗಿತ್ತು,
ಶಾಲೆಯ ಫೋಟೋಕ್ಕೆ ನಿಂತ ಹುಡುಗನಂತೆ
ಕೈ ಪಕ್ಕಕ್ಕಿಟ್ಟು, ಉಸಿರು ಬಿಗಿಹಿಡಿದು.

ತ್ಸಿಯಾಲಾಳ ಅಡುಗೆಕೋಣೆ ಎಲ್ಲಿ?
ಕರೆಂಟಿಲ್ಲದ ಆ ಚಳಿಗಾಲ ಅವಳ ಗಂಡ
ಬಾಲ್ಕನಿಗೆ ಹಲಗೆ ಬಡಿದು, ಬಸ್ಸಿನ ಗಾಜು ಸಿಕ್ಕಿಸಿ ಕಟ್ಟಿದ್ದು,
ಟೇಪು ಹಿಡಿಯದೆ, ಸೌದೆ ಒಲೆಯ ಅಗಲವೇ ಅಳತೆಯಾಗಿ.
ನಿನ್ನ ಲೆಕ್ಕಕ್ಕೆ ಅದು ತಪ್ಪು. ಅಳಿಸಿದ್ದೀಯ.
ಅಲ್ಲಿ ಮೇಜಿನ ಒಂದು ಕಾಲಿನಡಿ ಮಡಿಚಿದ ರಟ್ಟಿದೆ,
ನೆಲ ಇಳಿದಂತೆಲ್ಲ ಒಂದು ಮಡಿಕೆ ಜಾಸ್ತಿ.
ಅಳೆಯಲು ಹೋದ ದಿನ ಸೂಪು ಬಡಿಸಿದಳು.
ನೆಲ ಸೊಟ್ಟ. ಸೂಪು ಮಟ್ಟಸ.

ಹಿಂದಕ್ಕೆ ಬಾ ಎಂದು ಎರಡು ಕೀಲಿ ಒತ್ತಿದೆ.
ಮನೆ ಮತ್ತೆ ವಾಲಿತು, ಹಿಡಿದ ಉಸಿರು ಬಿಟ್ಟು.
ನಾನೂರ ಹನ್ನೆರಡು ದೂರಿಗೂ ಒಂದೊಂದಾಗಿ
ಇರಲಿ, ಇರಲಿ, ಎನ್ನುತ್ತ ಹೋದೆ. ಮಧ್ಯಾಹ್ನವಾಯಿತು.

ಒಂದು ಮಾತು ಒಪ್ಪುತ್ತೇನೆ.
ಜನವರಿ, ಸಂಜೆ ನಾಲ್ಕು ಎಂದು ತುಂಬಿ ಸೂರ್ಯನನ್ನು ಕರೆದೆ.
ಬಂದ. ಬಸ್ಸಿನ ಗಾಜಿನಲ್ಲಿ ತೂರಿ
ಅವಳು ಅಕ್ರೋಟು ಒಡೆಯುತ್ತ ಕೂರುವ ಜಾಗಕ್ಕೇ ಬಿದ್ದ.
ಅಲ್ಲಿ ಸ್ಟೂಲನ್ನು ನಾನು ಬರೆದಿರಲೇ ಇಲ್ಲ.
ಜ್ವಿಯಾದ್ ಕೂಡ ಸುಮ್ಮನಾದ.

ಅಭ್ಯಾಸಬಲದಿಂದ ಎದ್ದು ನೀರಿಟ್ಟೆ.
ಕೆಟಲಿನ ಹೊಟ್ಟೆ ಇನ್ನೂ ತಣ್ಣಗಿದೆ,
ನೀನಾಗಲೇ ಎಲ್ಲ ಮುಗಿಸಿ, ದೀಪ ಹಚ್ಚಿಕೊಂಡು, ಮುಂದೇನು ಎನ್ನುತ್ತೀಯ.
ಕೂತಿರು.
ಬಾಲ್ಕನಿಗೆ ಹೋಗಿ ಬರುತ್ತೇನೆ.
ಮುದುಕಿ ಇವತ್ತು ಕೆಂಪು ಕಂಬಳಿ ಹಾಕಿದ್ದಾಳೆ.