ಕಾಲಮಿತಿ

ಬೈತಕೋಲದ ಐಸ್ ಫ್ಯಾಕ್ಟರಿಗೆ ಈಗ ಬಾಗಿಲಿಲ್ಲ,
ಬೀಗ ಇದೆ.
ಹಲಗೆಗಳು ಗೆದ್ದಲಿಗೆ ಹೋದವು. ಬೀಗ ಮಾತ್ರ
ಎರಡು ಕಬ್ಬಿಣದ ಬಳೆಗಳ ನಡುವೆ
ಸರಪಳಿ ಕಚ್ಚಿಕೊಂಡು ನಿಂತಿದೆ.
ಮೇಲೆ ನ್ಯಾಯಾಲಯದ ಅರಗಿನ ಮುದ್ರೆ,
ಉಪ್ಪುಗಾಳಿಗೆ ಅದೂ ಈಗ ಬರೀ ಒಂದು ಕಲೆ.

"ಒಳಗೆ ಕಾಲಿಟ್ಟರೆ ಅತಿಕ್ರಮ," ಅಂದ ದಾಮೋದರ ಹರಿಕಂತ್ರ,
ಹನ್ನೊಂದು ವರ್ಷದಿಂದ ಸಂಬಳವಿಲ್ಲದ ಕಾವಲುಗಾರ.
"ರಸ್ತೆ ಮೇಲೆ ನಿಂತು ಎಷ್ಟು ಬೇಕಾದ್ರೂ ತೆಗಿ ಬಾಯಿ,
ರಸ್ತೆ ಪಿಡಬ್ಲ್ಯೂಡಿದು.
ಆ ಬದಿಗೆ ಮಾತ್ರ ತಿರುಗಿಸಬೇಡ ಕ್ಯಾಮೆರಾ,
ಅದು ನೇವಿ."

ಅನುಮತಿಗೆ ಅಲೆದಿದ್ದೆ ನಾನು.
ಸಿಟಿ ಸರ್ವೆಯ ಹಳೇ ಪುಸ್ತಕದಲ್ಲಿ ಏಳು ಹೆಸರು:
ಮೂವರು ತೀರಿಕೊಂಡವರು,
ಇಬ್ಬರು ಒಬ್ಬರ ಮೇಲೊಬ್ಬರು ದಾವೆ ಹೂಡಿದವರು,
ಒಬ್ಬಳು ಮಡಗಾಂವಿನಲ್ಲಿ,
ಏಳನೆಯದು ಯಾರದೆಂದು ಗುಮಾಸ್ತನಿಗೂ ಓದಲಾಗಲಿಲ್ಲ.
ಮಡಗಾಂವಿನಾಕೆ ಫೋನಿನಲ್ಲಿ ಅಂದಳು: ತೆಗೆಯಿರಿ,
ಬೋರ್ಡಿನ ಮೇಲಿನ ಅಪ್ಪನ ಹೆಸರು ಬೇಡ.
ವಕೀಲ ಶಾನಭಾಗರು ಅಂದರು:
ಒಂದು ಹೂಂ ಅಂದರೆ ಏಳು ಹೂಂ ಅಲ್ಲ.

ಅದಕ್ಕೇ ರಸ್ತೆ.
ಮೀನಿನ ಲಾರಿಗೆ ದಾರಿ ಬಿಡುತ್ತ,
ಬಿಳಿ ಪಟ್ಟೆಯ ಈಚೆ ಎರಡೂ ಚಪ್ಪಲಿ ಇಟ್ಟು
ಉದ್ದ ಲೆನ್ಸನ್ನಷ್ಟೇ ಒಡೆದ ಕಿಟಕಿಗೆ ಹಿಡಿದೆ.
ಕಣ್ಣು ಹೊಸ್ತಿಲು ದಾಟಿದರೆ ಯಾವ ಕಲಮು?
ಯಾರೂ ಹೇಳಲಿಲ್ಲ.

ರಾತ್ರಿ ಕೋಡಿಬಾಗದ ಕೋಣೆಯಲ್ಲಿ
ಚಿತ್ರವನ್ನು ಹಿಗ್ಗಿಸುತ್ತ ಹೋದೆ.
ತುಕ್ಕಿನ ಅಮೋನಿಯಾ ಕೊಳವೆ, ಬಾವಲಿ ಹಿಕ್ಕೆ,
ಒಂದೇ ತಟ್ಟೆಯ ತಕ್ಕಡಿ,
ಅದರಾಚೆ ಗೋಡೆಯ ಮೇಲೆ ನೀಲಿ ಬಣ್ಣದ ಲೆಕ್ಕ:

ದರಿಯಾದೌಲತ್, ೧೨ ಗಡ್ಡೆ, ಚುಕ್ತಾ
ಸಾಯಿಕೃಪಾ, ೯, ಚುಕ್ತಾ
ಜಲಪದ್ಮ, ೪೦

ಮುಂದೆ ಸುಣ್ಣ.

ಜಲಪದ್ಮ ನನ್ನಪ್ಪನ ಬೋಟು.
ಆ ವರ್ಷ ಬಂಗಡೆ ಬರಲಿಲ್ಲ. ಬೋಟು ಮಾರಿದ ಮೇಲೆ
ಅಪ್ಪ ಈ ರಸ್ತೆಗೆ ಕಾಲಿಡಲಿಲ್ಲ,
ಬಂದರಿಗೆ ಸುತ್ತು ಹಾಕಿ ಹೋಗುತ್ತಿದ್ದ.
ಕೇಳಿದರೆ, ಅಲ್ಲಿ ಅಮೋನಿಯಾ ನಾರುತ್ತದೆ ಅನ್ನುತ್ತಿದ್ದ.
ಫ್ಯಾಕ್ಟರಿ ನಿಂತು ಎಷ್ಟೋ ವರ್ಷ ಆದಮೇಲೂ.

ಶಾನಭಾಗರು ನಕ್ಕುಬಿಟ್ಟರು:
"ಮೂರು ವರ್ಷಕ್ಕೆ ಮುಗಿಯುತ್ತದೆ ಸಾಲದ ಕಾಲಮಿತಿ,
ಇದಕ್ಕೆ ಇಪ್ಪತ್ತಾರು.
ಕೇಳುವ ಹಕ್ಕು ಯಾರಿಗೂ ಇಲ್ಲ, ಹೋಗು."

ದಾಮೋದರ ನನ್ನ ಮೊಬೈಲನ್ನು
ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ.
"ಅಕ್ಷರ ನನ್ನದೇ," ಅಂದ. ಆಮೇಲೆ ತುಸು ಹೊತ್ತು ಬಿಟ್ಟು,
"ಕೋರ್ಟಿಗೆ ಇಲ್ಲದಿರಬಹುದು ಬಾಯಿ. ಗೋಡೆಗೆ ಇದೆ."

ಪರ್ಸಿನ ಜಿಪ್ಪು ಎಳೆಯುತ್ತ ಕೇಳಿದೆ,
ಆಗ ಗಡ್ಡೆಗೆ ಎಷ್ಟಿತ್ತು?

ಬೀಗದ ಕಡೆ ಒಮ್ಮೆ ನೋಡಿದ.
"ಮೂವತ್ತೈದು.
ನಿನ್ನಪ್ಪ ಮೂವತ್ತಕ್ಕೆ ಕೇಳ್ತಿದ್ದ."