ಉಸಿರುಗಲ್ಲು

ಬಸ್ಸಿಗೆ ಹೋದರೆ ಹದಿನೇಳು ಮೈಲಿ, ಬೆಟ್ಟ ಸುತ್ತಿ.
ನೆತ್ತಿ ಹಿಡಿದು ನಡೆದರೆ
ಎರಡು ಎಲೆಯಡಿಕೆ ದೂರ, ಅನ್ನುತ್ತಿದ್ದರು ಮೇಗಳಹಟ್ಟಿಯಲ್ಲಿ.
ಸೋಮ, ಮಂಗಳ, ಬುಧ ಈಚೆಯ ಶಾಲೆ,
ಉಳಿದ ಮೂರು ದಿನ ಆಚೆ, ಕಮರದಹಟ್ಟಿ.
ಒಬ್ಬಳೇ ಟೀಚರು, ಎರಡು ಹಾಜರಿ ಪುಸ್ತಕ,
ನಡುವೆ ಈ ಬೆಟ್ಟ,
ಒಂಬತ್ತು ವರ್ಷ ನನ್ನ ಮೊಣಕಾಲಿಗೆ ಪಾಠ ಹೇಳಿದ್ದು.

ಇವತ್ತು ಜೊತೆಗೆ ಪಾಲಯ್ಯ.
ಮೂರನೇ ಕ್ಲಾಸಿನಲ್ಲಿ ಲ ಯಾವುದು ಳ ಯಾವುದು ತಿಳಿಯದೆ
ಸ್ಲೇಟನ್ನೇ ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟ ಹುಡುಗ.
ಈಗ ಗಾಳಿಯಂತ್ರಗಳ ಕಾವಲು, ಸೊಂಟದಲ್ಲಿ ವಾಕಿಟಾಕಿ.
ಬೆಟ್ಟವೆಲ್ಲ ಅವನಿಗೆ ಅಂಕಿ:
"ಹನ್ನೊಂದರ ತನಕ ಏರು ಟೀಚರ್, ಹದಿನಾಲ್ಕರಿಂದ ಇಳಿಜಾರು.
ಹನ್ನೆರಡರ ಬುಡಕ್ಕೆ ಕರಡಿ ಬರುತ್ತೆ, ಮಾತಾಡ್ತಾ ನಡೀರಿ."

ನನ್ನ ಲೆಕ್ಕ ಬೇರೆ.
ಜೋಡಿ ಕಮರ, ಅಲ್ಲಿಂದ ಸಿಡಿಲು ಬಡಿದ ದಿಂಡಿಗ,
ಆಮೇಲೆ ತುಗ್ಗಲಿ ಪೊದೆ, ಸೆರಗು ಜಗ್ಗುವ ಕಾರೆ.
ಕಮರದ ಎಲೆ ಗೊರಸಿನ ಹಾಗೆ ಸೀಳು.
ಕಿತ್ತು ತಂದು ಕೇಳುತ್ತಿದ್ದೆ: ಇದು ಒಂದೋ, ಎರಡೋ?
ಜಗಳದಲ್ಲೇ ಗಣಿತದ ಪೀರಿಯಡ್ಡು ಮುಗಿಯುತ್ತಿತ್ತು.

ಆಷಾಢ.
ಬೆನ್ನಿಗೆ ಯಾರೋ ಅಂಗೈ ಇಟ್ಟು ತಳ್ಳುವಂಥ ಗಾಳಿ.
ಆಡಿದ ಮಾತು ಪಕ್ಕದವನ ಕಿವಿ ಸೇರುವ ಮೊದಲೇ
ಚಳ್ಳಕೆರೆ ಕಡೆ ಹಾರಿಹೋಗುತ್ತದೆ.
ಮೇಲೆ ದೊಡ್ಡ ರೆಕ್ಕೆಗಳು
ಹೂಂ, ಹೂಂ,
ಹೂಂಗುಟ್ಟುತ್ತಲೇ ಇವೆ,
ಕತೆ ಹೇಳುವವರು ಯಾರೂ ಇಲ್ಲ.

"ಇಲ್ಲೇ ಎಲ್ಲೋ ಉಸಿರುಗಲ್ಲು," ಅಂದೆ.
ಎದೆಯೆತ್ತರದ ಬಂಡೆ. ಸೌದೆಯ ಬೋರಕ್ಕ
ತಲೆಹೊರೆ ಇಳಿಸದೆ ಅದಕ್ಕೆ ಬೆನ್ನು ಆನಿಸುತ್ತಿದ್ದಳು.
ಅದರ ಹತ್ತಿರ ಸುಳ್ಳಾಡಿದರೆ
ಹೋದ ಉಸಿರು ಮರಳಿ ಬರೋದಿಲ್ಲ ಅಂತ
ಹೊಸ ಟೀಚರನ್ನು ಹೆದರಿಸಿದವಳೂ ಅವಳೇ.

ಪಾಲಯ್ಯ ತಲೆ ಕೆರೆದ.
"ಅಂಥಾದ್ದು ನಾನು ಕಂಡಿಲ್ಲ. ರೋಡು ಮಾಡುವಾಗ ಜೆಸಿಬಿ..."
ಅರ್ಧಕ್ಕೇ ನಿಲ್ಲಿಸಿದ.
ಕಾಲಡಿ ಜಲ್ಲಿ, ಹೊಸದು, ಇನ್ನೂ ಚೂಪು.
ಬೋರಕ್ಕನ ಬೆನ್ನು ಬಲ್ಲ ಚೂರು ಇದರಲ್ಲಿ ಯಾವುದೋ.

ಹನ್ನೊಂದು ದಾಟಿತು. ಹನ್ನೆರಡು.
ಕರಡಿ ಕಾಣಲಿಲ್ಲ. ಕಕ್ಕೆಗಿಡದ ಕೆಳಗೆ
ಅದರ ಹಿಕ್ಕೆ, ತುಂಬಾ ಬೀಜ.

ಆಮೇಲೆ ಒಂದು ತಿರುವು. ನೆರಳಿಲ್ಲ, ನೋಟವೂ ಅಷ್ಟಕ್ಕಷ್ಟೆ.
ಪಾಲಯ್ಯ ನಿಂತ,
ಸೊಂಟಕ್ಕೆ ಕೈ ಕೊಟ್ಟು, ಬಾಯಿ ತೆರೆದು.
"ಯಾಕೋ?"
"ಏನಿಲ್ಲ ಟೀಚರ್. ದಿನಾ ಇಲ್ಲಿ ನಿಲ್ತೀನಿ."
ನಾನೂ ನಿಂತಿದ್ದೆ.
ಮೊಣಕಾಲು ನನ್ನನ್ನು ಕೇಳಿರಲಿಲ್ಲ.

ಕೆಳಗೆ ಕಮರದಹಟ್ಟಿಯ ತಗಡು, ಹೆಂಚು.
ಶಾಲೆಗೆ ಯಾರೋ ಗುಲಾಬಿ ಬಣ್ಣ ಬಳಿದಿದ್ದಾರೆ.
ಹೊತ್ತಲ್ಲದ ಹೊತ್ತಿನಲ್ಲಿ ಒಂದು ಕೋಳಿ.

ಗಸ್ತಿನ ಪುಸ್ತಕ ತೆಗೆದು, ಗಾಳಿಗೆ ಬೆನ್ನು ಕೊಟ್ಟು,
ವೇಳೆ ಬರೆದ. ಜಾಗದ ಮನೆಯಲ್ಲಿ ಪೆನ್ನು ತಡೆಯಿತು.
"ಟೀಚರ್, ಉಸಿರುಗಲ್ಲಿಗೆ
ಯಾವ ಲ?"

"ಲಗಾಮಿನ ಲ," ಅಂದೆ, "ಇನ್ನೊಂದು ಹಾಕಿದರೆ
ಕಲ್ಲು ಹೋಗಿ ಕಳ್ಳು ಆಗುತ್ತೆ."
ಗಾಳಿ ಅದನ್ನೂ ಒಯ್ದಿತು.
ಅವನು ಏನು ಬರೆದನೋ, ನಾನು ಬಗ್ಗಿ ನೋಡಲಿಲ್ಲ.